ದರದ ಪಟ್ಟಿಯಲ್ಲಿ 18 ಕ್ಯಾರೆಟ್ ಯಾಕಿಲ್ಲ?

ಮಾನ್ಯ ಸಂಪಾದಕರೇ,

ಪತ್ರಿಕೆಯಲ್ಲಿ ದಿನಾಲೂ ಬಂಗಾರದ ದರ ಬರುತ್ತದೆ. 24 ಕ್ಯಾರೆಟ್‌ಗೆ ಒಂದು ಸಾಲು, 22ಕ್ಕೆ ಒಂದು ಸಾಲು, ಕೆಳಗೆ ಬೆಳ್ಳಿ. ಕಲಬುರಗಿಯ ಸರಾಫ್ ಬಜಾರಿಗೆ ಲಗ್ನದ ದಾಗಿನ ಕೊಳ್ಳಲು ಬರುವವರು ಆ ಸಾಲುಗಳನ್ನು ನೋಡಿಕೊಂಡೇ ಬರುತ್ತಾರೆ. ತಾಳಿಗೆ, ಪಾಟಲಿಗೆ ಅಷ್ಟು ಸಾಕು. ಹರಳಿನ ಉಂಗುರಕ್ಕೆ ಸಾಲದು. ನಿಶ್ಚಯದ ದಿನ ಹುಡುಗ ಹುಡುಗಿ ಬದಲಾಯಿಸಿಕೊಳ್ಳುವ ವಜ್ರದುಂಗುರ ಹೆಚ್ಚಾಗಿ 18 ಕ್ಯಾರೆಟ್‌ನದು. ಆ ದರ ಪಟ್ಟಿಯಲ್ಲಿ ಇಲ್ಲ. ಅದನ್ನೂ ಒಂದು ಸಾಲು ಸೇರಿಸಿ ಎಂದು ಕೇಳುವುದಕ್ಕೆ ಈ ಪತ್ರ.

ಲೆಕ್ಕ ದೊಡ್ಡದೇನಲ್ಲ. ಸಾವಿರ ಪಾಲಿನಲ್ಲಿ 916 ಪಾಲು ಬಂಗಾರ ಇದ್ದರೆ 22 ಕ್ಯಾರೆಟ್, 750 ಪಾಲು ಇದ್ದರೆ 18. ಮಾತಿಗೆ 24 ಕ್ಯಾರೆಟ್ ಗ್ರಾಮಿಗೆ 10,000 ರೂಪಾಯಿ ಅಂತ ಹಿಡಿಯಿರಿ. 22ರದು 9,160 ಆಗುತ್ತದೆ, 18ರದು 7,500. ಅಂಗಡಿಯಿಂದ ಅಂಗಡಿಗೆ ಇದು ಸ್ವಲ್ಪ ಆಚೀಚೆ ಇರಬಹುದು. ನಾಲ್ಕು ಗ್ರಾಮಿನ 18 ಕ್ಯಾರೆಟ್ ಉಂಗುರದಲ್ಲಿ ಬಂಗಾರದ ಬೆಲೆ 30,000. ಅದಕ್ಕೇ 22ರ ದರ ಹಚ್ಚಿದರೆ 36,640. ಆರು ಸಾವಿರದ ಆರುನೂರ ನಲವತ್ತು ರೂಪಾಯಿ ಬಿಲ್ಲಿನ ಒಂದೇ ಸಾಲಿನಲ್ಲಿ ಮುಳುಗಿಹೋಗುತ್ತದೆ. ಮಜೂರಿ ಶೇಕಡಾ ಲೆಕ್ಕದ್ದಾದರೆ ಅದೂ ಉಬ್ಬುತ್ತದೆ, ಅದರ ಮೇಲೆ ಜಿಎಸ್‌ಟಿಯೂ. ಕೈಯಲ್ಲಿ ದರ ಇದ್ದ ಗ್ರಾಹಕ ಇದನ್ನು ನಿಂತಲ್ಲೇ ಹಿಡಿಯಬಲ್ಲ.

ಹಾಗಂತ 18 ಕ್ಯಾರೆಟ್ ಕೊಟ್ಟರೆ ಮೋಸ ಎಂದು ತಿಳಿಯಬಾರದು. ನಮ್ಮ ಕಡೆ ಬೀಗರ ನಡುವೆ ಇದೇ ಮಾತಿಗೆ ಮನಸ್ತಾಪ ಆಗುವುದುಂಟು: ‘ನಾವು 22ರದು ಹಾಕಿದೆವು, ಅವರು 18ರದು ತಂದರು’ ಅಂತ. 22 ಕ್ಯಾರೆಟ್ ಮೆತ್ತಗಿನ ಬಂಗಾರ. ವಜ್ರವನ್ನು ಹಿಡಿದಿರುವುದು ಮಿಲಿಮೀಟರಿನಷ್ಟೂ ದಪ್ಪವಿಲ್ಲದ ನಾಲ್ಕೋ ಆರೋ ಹಲ್ಲು. ಬೈಕಿನ ಹ್ಯಾಂಡಲ್ಲಿಗೆ, ಕಪಾಟಿನ ಹಿಡಿಕೆಗೆ ತಾಗಿ ತಾಗಿ ಮೆತ್ತಗಿನ ಹಲ್ಲು ಮೇಲೇಳುತ್ತದೆ, ಹರಳು ಒಂದು ದಿನ ಇರುವುದಿಲ್ಲ. ತಾಮ್ರ, ಬೆಳ್ಳಿ ಹೆಚ್ಚು ಬೆರೆತ 18 ಕ್ಯಾರೆಟ್ ಗಟ್ಟಿ, ಹಿಡಿದದ್ದನ್ನು ಬಿಡುವುದಿಲ್ಲ. ಹರಳಿಲ್ಲದ ಸಾದಾ ಉಂಗುರಕ್ಕೆ 22 ಚೆನ್ನ. ಒಂದೇ ಬೆರಳಿಗೆ ಎರಡನ್ನೂ ಒತ್ತಿ ಹಾಕಿಕೊಂಡರೆ ಮಾತ್ರ ಗಟ್ಟಿಯದು ಮೆತ್ತಗಿನದನ್ನು ತಿನ್ನುತ್ತದೆ. ಕೆಲವು ವರ್ಷದಲ್ಲಿ 22ರ ಅಂಚು ಸವೆದು ತೆಳ್ಳಗಾಗುತ್ತದೆ. ಬೇರೆ ಬೇರೆ ಬೆರಳಿಗೆ ಹಾಕುವುದು ಒಳ್ಳೆಯದು.

ಉಂಗುರದ ಒಳಮೈಯಲ್ಲಿ ಹಾಲ್‌ಮಾರ್ಕ್‌ನ ಮೂರು ಗುರುತು ಇರಬೇಕು: ಬಿಐಎಸ್‌ನ (ಭಾರತೀಯ ಮಾನಕ ಬ್ಯೂರೊ) ತ್ರಿಕೋನ, ಶುದ್ಧತೆ, ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ, ಅಂದರೆ ಆ ದಾಗಿನಕ್ಕೊಂದೇ ಇರುವ ಗುರುತಿನ ನಂಬರ್. ಶುದ್ಧತೆ 22ಕ್ಕೆ 916, 18ಕ್ಕೆ 750, 14ಕ್ಕೆ 585 ಎಂದಿರುತ್ತದೆ. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ದಾಗಿನವನ್ನು ಎಚ್‌ಯುಐಡಿ ಇಲ್ಲದೆ ಮಾರುವಂತಿಲ್ಲ. ಜೋಡಿ ಉಂಗುರ ಕೊಂಡರೆ ಎರಡಕ್ಕೂ ಬೇರೆ ಬೇರೆ ನಂಬರ್. ಬಿಐಎಸ್ ಕೇರ್ ಎಂಬ ಆ್ಯಪ್‌ನಲ್ಲಿ ನಂಬರ್ ಒತ್ತಿದರೆ ದಾಗಿನ ಯಾವುದು, ಎಷ್ಟು ಶುದ್ಧ, ಪರೀಕ್ಷೆ ಮಾಡಿದ ಕೇಂದ್ರ ಯಾವುದು ಎಲ್ಲ ಬರುತ್ತದೆ. ಅಲ್ಲಿ ‘ಉಂಗುರ’ ಎಂದೇ ಇರಬೇಕು. ‘ಚೈನು’ ಎಂದು ಬಂದರೆ ಆ ನಂಬರ್ ಬೇರೆ ದಾಗಿನದ್ದು.

ಇಲ್ಲೊಂದು ಸಂದಿ ಇದೆ. ಎರಡು ಗ್ರಾಮಿಗಿಂತ ಕಡಿಮೆ ತೂಕದ ದಾಗಿನಕ್ಕೆ ಹಾಲ್‌ಮಾರ್ಕ್ ಕಡ್ಡಾಯವಲ್ಲ. ದರ ಏರಿದ ಮೇಲೆ 1.8, 1.9 ಗ್ರಾಮಿನ ಉಂಗುರ ಕೇಳುವವರು ಹೆಚ್ಚಾಗಿದ್ದಾರೆ. ಅಷ್ಟು ಹಗುರದ್ದು ದಿನಬಳಕೆಗೆ ನಿಲ್ಲುವುದಿಲ್ಲ, ಶುದ್ಧತೆಗೆ ಸಾಕ್ಷಿಯೂ ಇರುವುದಿಲ್ಲ. ಇನ್ನೂ ಅರ್ಧ ಗ್ರಾಂ ಸೇರಿಸಲಾಗದಿದ್ದರೆ ಬೆಳ್ಳಿಯದು ತೊಡಿಸಿ, ಅದರಲ್ಲಿ ಅವಮಾನವಿಲ್ಲ. ‘ಕೆಡಿಎಂ ಬಂಗಾರ’ ಎಂದು ಈಗಲೂ ಹೊಗಳುವವರಿದ್ದಾರೆ. ಅದು ಕ್ಯಾಡ್ಮಿಯಂ ಹಾಕಿ ಮಾಡುತ್ತಿದ್ದ ಬೆಸುಗೆಯ ಹೆಸರು, ಶುದ್ಧತೆಯ ಗುರುತಲ್ಲ. ಅದರ ಹೊಗೆ ಕುಡಿದು ಪುಪ್ಪುಸ ಕೆಡಿಸಿಕೊಂಡವರು ಒಲೆಯ ಮುಂದೆ ಕೂತ ಪತ್ತಾರರು.

ಬಿಲ್ಲಿನಲ್ಲಿ ಒಟ್ಟು ತೂಕ, ಹರಳಿನ ತೂಕ, ನಿಕ್ಕಿ ಬಂಗಾರದ ತೂಕ ಮೂರನ್ನೂ ಬೇರೆ ಬೇರೆ ಬರೆಸಿಕೊಳ್ಳಿ. ಹರಳಿನ ಕ್ಯಾರೆಟ್ ಶುದ್ಧತೆಯದಲ್ಲ, ತೂಕದ್ದು; ಒಂದು ಕ್ಯಾರೆಟ್ ಅಂದರೆ 0.2 ಗ್ರಾಂ. ಕಾಲು ಕ್ಯಾರೆಟ್ ವಜ್ರದ ತೂಕ 0.05 ಗ್ರಾಂ ಮಾತ್ರ, ಅದು ಸಣ್ಣ ಮಾತು. ಐದು ಕ್ಯಾರೆಟ್‌ನ ಪುಷ್ಯರಾಗ ಪೂರ್ತಿ ಒಂದು ಗ್ರಾಂ ತೂಗುತ್ತದೆ. ಅದನ್ನು ಕಳೆಯದೆ ಹೋದರೆ ಕಲ್ಲಿಗೂ ಬಂಗಾರದ ದರ ಕೊಟ್ಟಂತಾಯಿತು. ಸವಕಳಿ ಎಂದು ಶೇಕಡಾ 15, 18 ಹಾಕಿದರೆ ಯಾವುದಕ್ಕೆ ಎಂದು ಕೇಳಿ. ಅಚ್ಚಿನಲ್ಲಿ ಎರಕ ಹೊಯ್ದ ಉಂಗುರದಲ್ಲಿ ಅಷ್ಟು ಸವೆಯುವುದಿಲ್ಲ. ಅರದ ಪುಡಿ, ಅಂಗಡಿಯ ಕಸವನ್ನು ಕೂಡ ಗುಡಿಸಿ ಜಾಲಗಾರರಿಗೆ ಕೊಟ್ಟು ಬಂಗಾರ ತೆಗೆಸುವ ಕಸಬು ಇದು. ಮಜೂರಿಯನ್ನು ಮಜೂರಿ ಎಂದೇ ಬರೆದು ಕೇಳಿದರೆ ಕೊಡುವವರಿಗೂ ಬೇಸರವಿಲ್ಲ. ಇನ್ನು ‘ಅರ್ಧ ತೊಲಿ ಉಂಗುರ’ ಎಂದು ಬೀಗರಿಗೆ ಮಾತು ಕೊಡುವವರು ಯಾವ ತೊಲಿ ಎಂದು ಮೊದಲೇ ಹೇಳಿಕೊಳ್ಳಬೇಕು. ಹಳೆಯ ತೊಲಿ 11.664 ಗ್ರಾಂ, ಈಗ ಅಂಗಡಿಯಲ್ಲಿ ತೊಲಿ ಅಂದರೆ 10. ಹಿರಿಯರ ಮನಸ್ಸಿನಲ್ಲಿರುವುದು 5.83 ಗ್ರಾಂ, ಡಬ್ಬಿಯಲ್ಲಿ ಬರುವುದು 5.

ಹೆಚ್ಚು ಗೋಳಾಗುವುದು ಅಳತೆಯಲ್ಲಿ. ಹುಡುಗಿಯ ಬೆರಳಿಗೆ ದಾರ ಸುತ್ತಿ ಕಳಿಸುತ್ತಾರೆ. ದಾರ ಹಿಗ್ಗುತ್ತದೆ, ಗಂಟಿನಲ್ಲಿ ಎರಡು ಮಿಲಿಮೀಟರ್ ಹೋಗುತ್ತದೆ. ಅದರ ಬದಲು ಐದು ಮಿ.ಮೀ. ಅಗಲದ ಕಾಗದದ ಪಟ್ಟಿಯನ್ನು ಬೆರಳ ಬುಡಕ್ಕೆ ಸುತ್ತಿ, ತುದಿ ಕೂಡುವಲ್ಲಿ ಪೆನ್ನಿನಿಂದ ಗೆರೆ ಎಳೆದು, ಬಿಡಿಸಿ ಸ್ಕೇಲಿನ ಮೇಲಿಡಿ. ಬಂದ ಮಿಲಿಮೀಟರಿನಲ್ಲಿ 40 ಕಳೆದರೆ ನಮ್ಮ ಅಂಗಡಿಗಳ ನಂಬರ್ ಸಿಗುತ್ತದೆ: 52 ಬಂದರೆ 12ನೇ ನಂಬರ್, 60 ಬಂದರೆ 20. ಇದೇ ರೀತಿ ಗೆಣ್ಣಿನ ಸುತ್ತಳತೆಯನ್ನೂ ತೆಗೆಯಿರಿ. ಗೆಣ್ಣು ದಪ್ಪವಿದ್ದರೆ ಎರಡರ ನಡುವಿನ ನಂಬರ್ ಹಿಡಿಯಬೇಕು. ಆನ್‌ಲೈನ್‌ನಲ್ಲಿ ಕೊಳ್ಳುವವರು ಅದು ಯಾವ ದೇಶದ ನಂಬರ್ ಎಂದು ನೋಡಲಿ. ಅಮೆರಿಕದ 6 ಮತ್ತು ನಮ್ಮ 12 ಒಂದೇ, ಒಳವ್ಯಾಸ 16.5 ಮಿ.ಮೀ. ನಮ್ಮ 6 ತೀರ ಸಣ್ಣ ಬೆರಳಿನದು.

ಅಳತೆ ತೆಗೆಯುವ ಹೊತ್ತೂ ಮುಖ್ಯ. ಡಿಸೆಂಬರಿನ ಬೆಳಗಿನ ಚಳಿಯಲ್ಲಿ ಬೆರಳು ಸಣ್ಣಗಿರುತ್ತದೆ. ಲಗ್ನ ಮೇ ತಿಂಗಳಲ್ಲಿ, ಕಲಬುರಗಿ ಯಾದಗಿರಿಯ 42 ಡಿಗ್ರಿಯಲ್ಲಿ. ಅಷ್ಟು ಹೊತ್ತಿಗೆ ಬೆರಳು ಊದಿ, ಚಳಿಯಲ್ಲಿ ಸರಿಯಾಗಿದ್ದ ಉಂಗುರ ಗೆಣ್ಣು ದಾಟುವುದಿಲ್ಲ. ಮದುಮಗ ಮಂಟಪದಲ್ಲಿ ತಿರುವಿ ತಿರುವಿ ತುರುಕುವುದು, ಫೋಟೊದವನು ಕಾಯುವುದು, ಇಬ್ಬರೂ ಬೆವರುವುದು. ಸಂಜೆ ಹೊತ್ತು, ಊಟವಾಗಿ ಒಂದು ತಾಸು ಬಿಟ್ಟು, ಯಾವ ಕೈಗೆ ಹಾಕುತ್ತೀರೋ ಅದೇ ಕೈಯ ಅಳತೆ ತೆಗೆಯಿರಿ. ಎರಡು ಕೈಯ ಬೆರಳೂ ಒಂದೇ ಸಮ ಇರುವುದಿಲ್ಲ. ಉಂಗುರದ ಪಟ್ಟಿ ಆರು ಮಿ.ಮೀ.ಗಿಂತ ಅಗಲವಿದ್ದರೆ ಒಂದು ನಂಬರ್ ಹೆಚ್ಚು ಹಿಡಿಯಿರಿ.

ತಪ್ಪಿದರೆ ತಿದ್ದಬಹುದು, ಮಿತಿಯೊಳಗೆ. ಒಂದು ನಂಬರ್ ಅಂದರೆ ಸುತ್ತಳತೆಯಲ್ಲಿ ಒಂದು ಮಿ.ಮೀ. ನಾಲ್ಕು ಮಿ.ಮೀ. ಅಗಲ, ಒಂದೂವರೆ ಮಿ.ಮೀ. ದಪ್ಪದ 22 ಕ್ಯಾರೆಟ್ ಸಾದಾ ಉಂಗುರಕ್ಕೆ ಒಂದು ನಂಬರ್ ಏರಿಸಲು ಸುಮಾರು 0.1 ಗ್ರಾಂ ತುಂಡು ಬೇಕು. ಅದಕ್ಕಿಂತ ಬಹಳ ಹೆಚ್ಚು ಲೆಕ್ಕ ಹಾಕಿದರೆ ವಿವರ ಕೇಳಿ. ಕೆಲವರು ತುಂಡು ಕೂಡಿಸದೆ ಕೋಲಿಗೆ ಹಾಕಿ ಬಡಿದು ಹಿಗ್ಗಿಸಿಕೊಡುತ್ತಾರೆ. ಒಂದು ನಂಬರಿಗೆ ನಡೆಯುತ್ತದೆ, ಮೂರಕ್ಕೆ ಹೋದರೆ ಪಟ್ಟಿ ತೆಳುವಾಗಿ ಸೊಟ್ಟಾಗುತ್ತದೆ. ಕತ್ತರಿಸುವುದಾದರೆ ಹಾಲ್‌ಮಾರ್ಕ್ ಇರುವ ಜಾಗ ಬಿಟ್ಟು ಕತ್ತರಿಸಲು ಮೊದಲೇ ಹೇಳಿ. ಸುತ್ತಲೂ ಹರಳು ಕೂಡಿಸಿದ್ದನ್ನು, ಪೊಳ್ಳು ಉಂಗುರವನ್ನು ತಿದ್ದುವುದು ಆಗದ ಮಾತು. ಪ್ಲಾಟಿನಂ ಕರಗುವುದು 1,768 ಡಿಗ್ರಿಯಲ್ಲಿ, ಬಂಗಾರ 1,064ರಲ್ಲಿ. ಊರಿನ ಪತ್ತಾರರ ಗ್ಯಾಸ್ ಉರಿಗೆ ಪ್ಲಾಟಿನಂ ಬಗ್ಗದು, ಕೊಂಡ ಅಂಗಡಿಗೇ ವಾಪಸ್ ಹೋಗಬೇಕು.

ವಜ್ರದ ಬಗ್ಗೆ ಒಂದೇ ಮಾತು. ಪೆನ್ನಿನಂಥ ಟೆಸ್ಟರ್ ‘ಬೀಪ್’ ಅಂದಿತು ಎಂದು ನಂಬಬೇಡಿ. ಲ್ಯಾಬ್‌ನಲ್ಲಿ ಬೆಳೆಸಿದ ವಜ್ರಕ್ಕೂ ಅದು ಬೀಪ್ ಅನ್ನುತ್ತದೆ, ಮೊಯಿಸನೈಟ್ ಎಂಬ ಕಲ್ಲಿಗೂ ಅನ್ನುವುದುಂಟು. ಲ್ಯಾಬ್ ವಜ್ರ ನಕಲಿಯಲ್ಲ, ಆದರೆ ಮರಳಿ ಮಾರಿದರೆ ಬರುವ ಬೆಲೆ ಬೇರೆ. ಯಾವುದೆಂದು ಸರ್ಟಿಫಿಕೇಟಿನಲ್ಲಿ ಬರೆದಿರಬೇಕು.

ಇನ್ನು ಜೋಪಾನ. ನಮ್ಮ ಭಾಗದಲ್ಲಿ ಹರಳಿನುಂಗುರದ ದೊಡ್ಡ ವೈರಿ ಜೋಳದ ರೊಟ್ಟಿ. ಬಿಸಿನೀರಿನಲ್ಲಿ ನಾದಿದ ಹಿಟ್ಟು ಹರಳಿನ ಮನೆಯೊಳಗೆ, ಹಿಂಬದಿಯ ಕಿಂಡಿಯಲ್ಲಿ ಹೋಗಿ ಕೂರುತ್ತದೆ. ಒಣಗಿದ ಮೇಲೆ ಗಾರೆಯಂತೆ ಗಟ್ಟಿ. ಅದನ್ನು ಸೂಜಿಯಿಂದ ಕೆದಕುತ್ತಾರೆ. ಸೂಜಿ ಜಾರಿ ಹಲ್ಲಿನ ಕೆಳಗೆ ಸಿಕ್ಕಿ ಮೀಟಿದಂತಾಗಿ ಹಲ್ಲು ಕೂದಲೆಳೆಯಷ್ಟು ಮೇಲೇಳುತ್ತದೆ. ಕಣ್ಣಿಗೆ ಕಾಣುವುದಿಲ್ಲ. ರೊಟ್ಟಿ ಬಡಿಯುವಾಗ ಬೀಳುವ ಒಂದೊಂದು ಪೆಟ್ಟೂ ಸಡಿಲವಾದ ಹರಳನ್ನು ಅಲ್ಲಾಡಿಸುತ್ತದೆ. ಹಿಟ್ಟಿಗೆ ಕೈ ಹಾಕುವ ಮೊದಲು ತೆಗೆದಿಡಿ. ಸಿಕ್ಕಿದ್ದರೆ ಉಗುರುಬೆಚ್ಚಗಿನ ನೀರಿನಲ್ಲಿ ಅರ್ಧ ತಾಸು ನೆನೆಸಿ, ತಾನೇ ಬಿಡುತ್ತದೆ. ದಿನಾ ರೊಟ್ಟಿ ಬಡಿಯುವ ಕೈಗೆ ಎತ್ತರದ ಹಲ್ಲಿನ ಉಂಗುರ ಕೊಡುವುದಕ್ಕಿಂತ, ಹರಳಿನ ಸುತ್ತ ಬಂಗಾರದ ಅಂಚು ಮಡಚಿದ ಮುಚ್ಚುಮನೆಯ ಉಂಗುರ ಕೊಡುವುದು ಜಾಣತನ.

ಹಲ್ಲು ಎದ್ದಿದೆಯೋ ಇಲ್ಲವೋ ತಿಂಗಳಿಗೊಮ್ಮೆ ಮನೆಯಲ್ಲೇ ನೋಡಬಹುದು. ಹಳೆಯ ನೈಲಾನ್ ಕಾಲುಚೀಲದ ಮೇಲೆ ಉಂಗುರವನ್ನು ಹಗುರಾಗಿ ಎಳೆಯಿರಿ. ಎಳೆ ಸಿಕ್ಕಿಕೊಂಡರೆ ಹಲ್ಲು ಎದ್ದಿದೆ. ಕಿವಿಯ ಹತ್ತಿರ ಹಿಡಿದು ಬೆರಳಿನಿಂದ ತಟ್ಟಿ, ‘ಟಿಕ್ ಟಿಕ್’ ಅಂದರೆ ಹರಳು ಸಡಿಲ. ಅವತ್ತೇ ಡಬ್ಬಿಗೆ ಹಾಕಿ ಅಂಗಡಿಗೆ ಒಯ್ಯಿರಿ, ಬೆರಳಲ್ಲಿ ಹಾಕಿಕೊಂಡು ಒಯ್ಯಬೇಡಿ.

ತೊಳೆಯುವುದಕ್ಕೆ ಒಂದು ಲೋಟ ಉಗುರುಬೆಚ್ಚಗಿನ ನೀರು, ನಾಲ್ಕು ಹನಿ ಪಾತ್ರೆ ತೊಳೆಯುವ ದ್ರವ. ಹದಿನೈದು ನಿಮಿಷ ನೆನೆಸಿ ಮಕ್ಕಳ ಮೆತ್ತನೆ ಬ್ರಷ್‌ನಿಂದ ಹರಳಿನ ಹಿಂಬದಿ ಉಜ್ಜಿ. ವಜ್ರಕ್ಕೆ ಜಿಡ್ಡು ಬೇಗ ಹತ್ತುತ್ತದೆ, ಮಂಕಾಗುವುದು ಹಿಂದಿನಿಂದಲೇ. ಬಟ್ಟಲಿನಲ್ಲೇ ಜಾಲಿಸಿ, ನಲ್ಲಿಯ ಕೆಳಗೆ ಹಿಡಿಯಬೇಡಿ. ಬೋರ್ ನೀರಾದರೆ ಒಣಗುವ ಮುಂಚೆ ಬಟ್ಟೆಯಿಂದ ಒರೆಸಿ, ಇಲ್ಲವಾದರೆ ಬಿಳಿ ಕಲೆ ಕೂರುತ್ತದೆ. ಟೂತ್‌ಪೇಸ್ಟು, ಬೂದಿ, ಸೋಡಾ ಬೇಡ, ಗೀರು ಬೀಳುತ್ತದೆ. ಮುತ್ತು ಹವಳಕ್ಕೆ ಒದ್ದೆ ಬಟ್ಟೆ ಸಾಕು. ನಿಂಬೆ, ಹುಣಸೆ ತಾಗಿದರೆ ಮೈ ಕೊರೆದುಹೋಗುತ್ತದೆ. ಪಚ್ಚೆಯ ಬಿರುಕುಗಳಿಗೆ ಎಣ್ಣೆ ತುಂಬಿರುತ್ತಾರೆ, ಬಿಸಿನೀರು ಅದನ್ನು ಹೊರಗೆ ಹಾಕುತ್ತದೆ. ಸುರಗಿ, ಅರಿಶಿನದ ದಿನ ನಿಶ್ಚಯದುಂಗುರ ಪೆಟ್ಟಿಗೆಯಲ್ಲಿರಲಿ. ಬಟ್ಟೆಯ ಬ್ಲೀಚು ಉಂಗುರದೊಳಗಿನ ತಾಮ್ರವನ್ನು ತಿಂದು ಹಲ್ಲನ್ನು ಪೆಡಸು ಮಾಡುತ್ತದೆ. ಒಡೆದ ಥರ್ಮಾಮೀಟರಿನ ಪಾದರಸ ತಾಗಿ ಬಂಗಾರ ಬೆಳ್ಳಗಾದರೆ ಮನೆಯಲ್ಲಿ ಕಾಯಿಸಬೇಡಿ, ಅದರ ಆವಿ ವಿಷ. ಬಾಗಿಲಿಗೆ ಬಂದು ಪಾಲಿಶ್ ಮಾಡುವವರ ಬಟ್ಟಲಿನಲ್ಲಿ ಬಂಗಾರ ಕರಗಿಸುವ ತೇಜಾಬ್ ಇರಬಹುದು. ಉಂಗುರ ಹೊಳೆಯುತ್ತಾ ಮರಳುತ್ತದೆ, ತೂಕ ಮಾತ್ರ ಪೂರ್ತಿ ಬರುವುದಿಲ್ಲ.

ಹೊಲದವರಿಗೆ ಒಂದು ಮಾತು. ತೊಗರಿ ರಾಶಿಯ ಮಷಿನ್ ಮುಂದೆ ನಿಲ್ಲುವಾಗ, ಟ್ರ್ಯಾಲಿಯಿಂದ ಜಿಗಿಯುವಾಗ ಬೆರಳಲ್ಲಿ ಉಂಗುರ ಬೇಡ. ಸಿಕ್ಕಿಕೊಂಡರೆ ಚರ್ಮದ ಸಮೇತ ಎಳೆದುಕೊಂಡು ಹೋಗುತ್ತದೆ.

ಬೆರಳು ಊದಿ ಉಂಗುರ ಬರದಿದ್ದರೆ ಜಗ್ಗಬೇಡಿ, ಜಗ್ಗಿದಷ್ಟೂ ಊದುತ್ತದೆ. ಕೈ ಐದು ನಿಮಿಷ ತಲೆಗಿಂತ ಮೇಲೆ ಹಿಡಿದು, ತಣ್ಣೀರಿನಲ್ಲಿ ಅದ್ದಿ, ಸಾಬೂನು ಹಚ್ಚಿ ತಿರುವಿ ನೋಡಿ. ಬರದಿದ್ದರೆ ಗಟ್ಟಿ ನೂಲಿನ ಒಂದು ತುದಿಯನ್ನು ಉಂಗುರದ ಕೆಳಗಿಂದ ಅಂಗೈ ಕಡೆಗೆ ತೂರಿಸಿ. ಉಳಿದ ನೂಲನ್ನು ಉಂಗುರಕ್ಕೆ ಹತ್ತಿಸಿ, ಗೆಣ್ಣು ದಾಟುವವರೆಗೆ ಸುತ್ತಿಗೆ ಸುತ್ತು ತಾಗುವಂತೆ ಬಿಗಿಯಾಗಿ ಸುತ್ತಿ. ಈಗ ಅಂಗೈ ಕಡೆಯ ತುದಿ ಹಿಡಿದು ಬೆರಳ ತುದಿಯ ಕಡೆಗೆ ಬಿಚ್ಚುತ್ತಾ ಹೋದರೆ ಒಂದೊಂದು ಸುತ್ತಿಗೂ ಉಂಗುರ ಮುಂದೆ ಸರಿಯುತ್ತದೆ. ಬೆರಳು ನೀಲಿಯಾಗಿದ್ದರೆ, ಜೋಮು ಹಿಡಿದಿದ್ದರೆ ಈ ಪ್ರಯೋಗಗಳನ್ನೆಲ್ಲ ಬಿಟ್ಟು ತಕ್ಷಣ ದವಾಖಾನೆಗೆ ಹೋಗಿ ಉಂಗುರವನ್ನು ಕತ್ತರಿಸಿಬಿಡಿ. ಲಗ್ನದುಂಗುರ ಕತ್ತರಿಸಬಾರದು ಎಂದು ಹಿರಿಯರು ಹಿಂದೆಮುಂದೆ ನೋಡುತ್ತಾರೆ. ಸಾದಾ ಉಂಗುರವನ್ನು ಮತ್ತೆ ಬೆಸೆಯಲು ಪತ್ತಾರರಿಗೆ ಅರ್ಧ ತಾಸು ಸಾಕು.

— ಸರಾಫ್ ಬಜಾರಿನ ಇಬ್ಬರು ಪತ್ತಾರರು, ಕಲಬುರಗಿ