ಮಗಳಿಗೊಂದು ಪತ್ರ: ಅಧ್ಯಕ್ಷೆಯ ಹಾಲು ಮೊದಲು

ಪುಟ್ಟಿ,

ಗೌರಿ ಹಬ್ಬಕ್ಕೆ ಬಂದವಳು ಎಲೆ ಮುಂದಿನಿಂದ ಎದ್ದು ಮದ್ದೂರಿಗೆ ಹೋಗಿ ಬಸ್ ಹತ್ತಿಬಿಟ್ಟೆ. "ಅವ್ವಾ, ಕಂಪನಿ ಅಂದ್ರೆ ನಿನ್ನ ಹಾಲಿನ ಡೇರಿ ಅಲ್ಲ" ಅಂದೆ. ಸರಿ ಕಣವ್ವ, ಅಲ್ಲ. ಆದರೆ ನಾನು ಹೇಳಬೇಕಾದ್ದು ಇನ್ನೂ ಮುಗಿದಿರಲಿಲ್ಲ. ಫೋನಿನಲ್ಲಿ ಹೇಳಿದರೆ ನೀನು ಮಧ್ಯೆ ಬಾಯಿ ಹಾಕುತ್ತೀಯ, ನಾನು ದನಿ ಏರಿಸುತ್ತೇನೆ. ಅದಕ್ಕೇ ಬರೆಯುತ್ತಿದ್ದೇನೆ. ಅಳಿಯಂದಿರ ಎದುರು ಅಷ್ಟು ಜೋರಾಗಿ ಅನ್ನಬಾರದಿತ್ತು. ತಪ್ಪಿದ್ದು ದನಿ, ಮಾತಲ್ಲ.

ನೀನು ಹೇಳಿದ್ದನ್ನೇ ತಿರುಗಿ ಹೇಳುತ್ತೇನೆ, ತಪ್ಪಿದ್ದರೆ ತಿದ್ದು. ನಿಮ್ಮ ಕಂಪನಿಯಲ್ಲಿ ಒಬ್ಬನಿದ್ದಾನೆ, ಜಾಸ್ತಿ ವ್ಯಾಪಾರ ತರುವವನು ಅವನೇ. ಕೆಳಗಿನವರನ್ನು ಎಲ್ಲರೆದುರು ಬೈಯುತ್ತಾನೆ. ಇಬ್ಬರು ಹುಡುಗಿಯರು ಕೆಲಸ ಬಿಟ್ಟರು. ಮೇಲೆ ಕೂರುವ ನಿಮ್ಮ ಏಳು ಜನಕ್ಕೂ ಇದು ಗೊತ್ತು. ಮಾರ್ಚ್ ಮುಗಿಯಲಿ, ಆಮೇಲೆ ನೋಡೋಣ ಅಂತ ಸುಮ್ಮನಿದ್ದೀರಿ. ಮಾರ್ಚ್‌ಗೆ ಇನ್ನೂ ಆರು ತಿಂಗಳಿದೆ, ಅಲ್ವಾ?

ನೀನು ಆರನೇ ಕ್ಲಾಸಿನಲ್ಲಿದ್ದೆ. ಆ ವರ್ಷ ಮನೆಯಲ್ಲಿ ಏನೇನಾಯಿತು ಅನ್ನುವುದು ನಿನಗೂ ಗೊತ್ತು, ಅದು ಬೇಡ. ನಮ್ಮ ಹಾಲಿನ ಸಂಘದ ಡೇರಿಯಲ್ಲಿ ನಾನಿನ್ನೂ ಕಾರ್ಯದರ್ಶಿ ಆಗಿರಲಿಲ್ಲ, ಬರೀ ಹಾಲು ಪರೀಕ್ಷೆ ಮಾಡುವ ಟೆಸ್ಟರ್. ಒಂದು ಬೆಳಿಗ್ಗೆ ಸಂಘದ ಅಧ್ಯಕ್ಷೆಯ ನಾದಿನಿ ಹಾಲು ತಂದರು. ನೀರು ಬೆರೆತಿದೆಯಾ ಅಂತ ನೋಡುವ ಲ್ಯಾಕ್ಟೋಮೀಟರ್ ಬಿಟ್ಟೆ. 28ರ ಹತ್ತಿರ ನಿಲ್ಲಬೇಕಾದ್ದು 22ಕ್ಕೆ ಇಳಿಯಿತು. ಇನ್ನೊಂದು ಸಲ ಬಿಟ್ಟೆ, ಅಷ್ಟೇ. "ಡಿಗ್ರಿ ಬಂದಿಲ್ಲ ಅಕ್ಕ" ಅಂದೆ. ಆಯಮ್ಮ ನನ್ನ ಮುಖ ನೋಡಲೇ ಇಲ್ಲ, ಹಿಂದೆ ನಿಂತಿದ್ದ ಅಧ್ಯಕ್ಷೆಯ ಮುಖ ನೋಡಿದರು. ಅಧ್ಯಕ್ಷೆ ಬಂದು ಪುಸ್ತಕದಲ್ಲಿ ನಾನು ಬರೆದದ್ದನ್ನು ಹೊಡೆದು 27 ಅಂತ ಬರೆದರು. ಹಾಲು ಸುರಿಸಿಕೊಂಡೆವು.

ಸಾಲಿನಲ್ಲಿದ್ದವರೆಲ್ಲ ನೋಡಿದರು. ಯಾರೂ ಪಿಟ್ ಅನ್ನಲಿಲ್ಲ. ಅವತ್ತು ಸಾಯಂಕಾಲವೇ ಇನ್ನೊಬ್ಬರ ಹಾಲು 25ಕ್ಕೆ ಬಂತು. "ಅವರದ್ದು ತಗೊಂಡ್ರಲ್ಲ" ಅಂದರು. ನಾನೇನು ಹೇಳಲಿ? ಆಮೇಲಾಮೇಲೆ ಡಿಗ್ರಿ ಏರಿಸಲು ಸಕ್ಕರೆ ಕದಡಿ ತರುವ ಬುದ್ಧಿವಂತರೂ ಹುಟ್ಟಿಕೊಂಡರು. ನಮ್ಮ ಹಾಲು ಕೊಳ್ಳುವ ಹಾಲು ಒಕ್ಕೂಟ, ಅದೇ ಯೂನಿಯನ್, ನಮ್ಮ ಡೇರಿಗೆ ದುಡ್ಡು ಕೊಡುವುದು ಒಟ್ಟು ಹಾಲಿನ ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಗಟ್ಟಿ ಅಂಶ) ನೋಡಿ. ನೀರು ಹಾಕಿದವರಿಗೂ ಹಾಕದವರಿಗೂ ಸೇರಿ ರೇಟು ಬಿತ್ತು. ಬಟವಾಡೆ ದಿನ ಬಾಗಿಲಲ್ಲಿ ಜಗಳ. ಎರಡು ಹಸು ಕಟ್ಟಿಕೊಂಡು ಗಟ್ಟಿ ಹಾಲು ತರುತ್ತಿದ್ದ ಒಬ್ಬ ವಿಧವೆ ಇದ್ದರು. ಆಯಮ್ಮ ಜಗಳಕ್ಕೆ ಬರಲಿಲ್ಲ. ಮಾರನೇ ದಿನದಿಂದ ಖಾಸಗಿಯವರಿಗೆ ಹಾಲು ಹಾಕಲು ಶುರು ಮಾಡಿದರು. ನಮ್ಮ ಡೇರಿ ಬಿಟ್ಟವರಲ್ಲಿ ಆಯಮ್ಮನೇ ಮೊದಲು. ನಿಮ್ಮ ಆ ಇಬ್ಬರು ಹುಡುಗಿಯರೂ ಚೆನ್ನಾಗಿ ಕೆಲಸ ಮಾಡುತ್ತಿದ್ದವರು ಅಂತ ನೀನೇ ಹೇಳಿದೆಯಲ್ಲ.

ನನಗೆ ಇವತ್ತಿಗೂ ಅರಗದಿರುವುದು ಅಧ್ಯಕ್ಷೆ ಮಾಡಿದ್ದಲ್ಲ. ಕಮಿಟಿಯಲ್ಲಿ ಇನ್ನೂ ಎಂಟು ಜನ ನಿರ್ದೇಶಕಿಯರಿದ್ದರು. ಒಬ್ಬೊಬ್ಬರೇ ಕೊಟ್ಟಿಗೆ ಹತ್ತಿರ, ನಲ್ಲಿ ಹತ್ತಿರ ಸಿಕ್ಕಿ "ನೀನು ಮಾಡಿದ್ದೇ ಸರಿ ಕಣೇ" ಅಂದರು. ಮೀಟಿಂಗಿನಲ್ಲಿ ಎಂಟೂ ಜನ ರೆಸಲ್ಯೂಷನ್ ಪುಸ್ತಕಕ್ಕೆ ಸಹಿ ಹಾಕಿ ಕಾಫಿ ಕುಡಿದು ಹೋದರು. ಕೆಟ್ಟವರೇನಲ್ಲ. ಒಬ್ಬರು ನೀನು ಹುಟ್ಟಿದಾಗ ಬಾಣಂತನದಲ್ಲಿ ನನಗೆ ತಿಂಗಳುಗಟ್ಟಲೆ ಬಿಸಿನೀರು ಕಾಯಿಸಿಕೊಟ್ಟವರು. ಆ 22 ನನ್ನ ಕಣ್ಣಿಗೆ ಕಟ್ಟಿದಷ್ಟೇ ಆ ಎಂಟು ಸಹಿಗಳೂ ಕಟ್ಟಿವೆ. ನೋಡು, ಮತ್ತೆ ಅಲ್ಲಿಗೇ ಬಂದೆ. ನಿಮ್ಮಪ್ಪ ಇಷ್ಟು ಓದಿ, "ಇದೇ ಕಥೆ ಎಷ್ಟು ಸಲ?" ಅಂತ ಎದ್ದು ಗದ್ದೆ ಕಡೆ ಹೋದರು.

ನೀನೇ ಒಮ್ಮೆ ಹೇಳಿದ್ದೆ. ಅಮೆರಿಕದ ಏಮಿ ಎಡ್ಮಂಡ್‌ಸನ್ ಅನ್ನುವ ಪ್ರೊಫೆಸರ್ 1990ರ ದಶಕದಲ್ಲಿ ಆಸ್ಪತ್ರೆಗಳಲ್ಲಿ ಔಷಧಿ ಕೊಡುವಾಗ ಆಗುವ ತಪ್ಪುಗಳನ್ನು ನೋಡಿದರಂತೆ. ಒಳ್ಳೆಯ ತಂಡಗಳಲ್ಲೇ ಲೆಕ್ಕಕ್ಕೆ ಸಿಕ್ಕ ತಪ್ಪು ಜಾಸ್ತಿ ಇತ್ತಂತೆ. ಅಲ್ಲಿನ ನರ್ಸ್‌ಗಳು ಭಯವಿಲ್ಲದೆ ಹೇಳುತ್ತಿದ್ದರು, ಬೇರೆ ಕಡೆ ಮುಚ್ಚಿಡುತ್ತಿದ್ದರು. ಹಾಗಿದ್ದ ಮೇಲೆ "ಅವನ ಮೇಲೆ ಒಂದೂ ದೂರು ಬಂದಿಲ್ಲ ಅವ್ವ" ಅನ್ನುವ ಮಾತು ನಿನ್ನ ಬಾಯಲ್ಲಿ ಹೇಗೆ ಬಂತು?

ಇನ್ನೊಂದು. ಸಂಘದಿಂದ ನಮ್ಮನ್ನು ಗುಜರಾತಿನ ಆಣಂದ್‌ಗೆ ಕರೆದುಕೊಂಡು ಹೋಗಿದ್ದರಲ್ಲ, ಅಲ್ಲಿ ಕೇಳಿದ್ದು. ಈಗ ಅಮುಲ್ ಅನ್ನುತ್ತಾರಲ್ಲ, ಆ ರೈತರ ಸಂಘ ಕಟ್ಟಿದ್ದು 1946ರಲ್ಲಿ, ತ್ರಿಭುವನದಾಸ್ ಪಟೇಲರು. ಆಮೇಲೆ ಅದನ್ನು ಬೆಳೆಸಿದ ವರ್ಗೀಸ್ ಕುರಿಯನ್ ಆ ಊರಿಗೆ ಬಂದದ್ದು 1949ರಲ್ಲಿ, ಸರ್ಕಾರಿ ಕೆಲಸಕ್ಕೆ. ಯಾವಾಗ ಬಿಟ್ಟು ಹೋಗಲಿ ಅಂತ ಕಾಯುತ್ತಿದ್ದವರನ್ನು ಪಟೇಲರು ಹಿಡಿದಿಟ್ಟುಕೊಂಡರು. ಎಮ್ಮೆ ಹಾಲಿನಿಂದ ಪುಡಿ ಮಾಡಲು ಆಗಲ್ಲ ಅಂತ ಪರದೇಶದ ತಜ್ಞರು ಹೇಳಿದಾಗ ಮಾಡಿ ತೋರಿಸಿದ್ದು ಕುರಿಯನ್ ಗೆಳೆಯ ದಲಾಯ. ಹೆಸರು ಬಂದದ್ದು ಕುರಿಯನ್‌ಗೆ. (ಅವರು ಹಾಲು ಕುಡಿಯುತ್ತಲೇ ಇರಲಿಲ್ಲವಂತೆ, ನಿನ್ನ ಹಾಗೆ!) ಆದರೆ ಮೂವರಲ್ಲಿ ಒಬ್ಬರಿಗೆ ಗೊತ್ತಿದ್ದದ್ದು ಇನ್ನೊಬ್ಬರಿಗೆ ಗೊತ್ತಿರಲಿಲ್ಲ, ಅದಕ್ಕೇ ಒಬ್ಬರ ಮಾತು ಇನ್ನೊಬ್ಬರು ಕೇಳಲೇಬೇಕಿತ್ತು. ನಿಮ್ಮ ಏಳು ಜನರಲ್ಲಿ ಐವರು ಒಂದೇ ಕಾಲೇಜಿನವರು ಅಂದೆ. ಮುಂದಿನ ಸಲ ಒಬ್ಬರನ್ನು ತಗೊಳ್ಳುವಾಗ ನಿಮ್ಮ ಹಾಗೆ ಮಾತಾಡದವರನ್ನು ಹುಡುಕಿ.

ಪಾಠ ಮಾಡುತ್ತಿದ್ದೇನೆ, ಗೊತ್ತು. ನಿನಗೆ ವೈಸ್ ಪ್ರೆಸಿಡೆಂಟ್ ಕೆಲಸ ಸಿಕ್ಕಿದಾಗ ಸಂತೆಯಲ್ಲಿ ಕೊತ್ತಂಬರಿ ಮಾರುವವಳಿಗೂ ಹೇಳಿ ಬಂದವಳು ನಾನು. ಈಗಲೂ ಯಾರಾದರೂ ಕೇಳಲಿ ಅಂತ ಕಾಯುತ್ತೇನೆ. ಅಷ್ಟು ದೊಡ್ಡ ಕುರ್ಚಿಯಲ್ಲಿ ಕೂತು ನೀನು ಆ ಎಂಟು ಜನರಲ್ಲಿ ಒಬ್ಬಳಾಗುತ್ತೀಯೇನೋ ಅನ್ನುವುದೊಂದೇ ನನ್ನ ಹೆದರಿಕೆ. ಅದರ ಜೊತೆಗೆ ಈ ಸಲ ಎಷ್ಟು ಸೊರಗಿದ್ದೀಯ! ರಾತ್ರಿ ಹನ್ನೊಂದಕ್ಕೆ ಊಟ ಮಾಡುವವರ ತಲೆ ನೆಟ್ಟಗೆ ಓಡುತ್ತಾ? ಕೂದಲು ಉದುರದೆ ಇನ್ನೇನಾಗುತ್ತದೆ?

ನಮ್ಮ ಡೇರಿ ಹೇಗೆ ಸುಧಾರಿಸಿತು ಅಂತ ಹಬ್ಬದ ದಿನ ಹೇಳಲು ನೀನು ಬಿಡಲಿಲ್ಲ. ಸರ್ವಸದಸ್ಯರ ಸಭೆಯಲ್ಲಿ ಒಬ್ಬ ಮುದುಕಿ ಎದ್ದು ನಿಂತು, "ನಾಳೆಯಿಂದ ಅಧ್ಯಕ್ಷೆ ಹಾಲು ಮೊದಲು ಅಳೀರಿ, ಎಲ್ಲರ ಮುಂದೆ, ಜೋರಾಗಿ ಓದಿ" ಅಂದರು. ಅಷ್ಟೇ. ಬೈಗುಳ ಇಲ್ಲ, ತನಿಖೆ ಇಲ್ಲ. ಅಧ್ಯಕ್ಷೆಗೆ ಇಲ್ಲ ಅನ್ನಲು ಆಗಲಿಲ್ಲ. ಮಾರನೇ ದಿನ ನನ್ನ ಕೈ ನಡುಗುತ್ತಿತ್ತು, ಆದರೂ ಓದಿದೆ. 28 ಬಂತು. ನಾದಿನಿಯದ್ದೂ ವಾರದೊಳಗೆ ಸರಿಹೋಯಿತು. ಅಧ್ಯಕ್ಷೆಯನ್ನು ಯಾರೂ ಇಳಿಸಲಿಲ್ಲ. ಆಮೇಲೆ ಎರಡು ಅವಧಿ ಅವರೇ ಇದ್ದರು, ಚೆನ್ನಾಗೇ ನಡೆಸಿದರು. ಆ ವಿಧವೆ ಮಾತ್ರ ವಾಪಸ್ ಬರಲಿಲ್ಲ.

ಅವನನ್ನು ಕೆಲಸದಿಂದ ತೆಗೆಯಿರಿ ಅಂತ ನಾನು ಹೇಳುತ್ತಿಲ್ಲ. ಅದು ನಿಮ್ಮ ಲೆಕ್ಕ. ಶುಕ್ರವಾರದ ಮೀಟಿಂಗಿನಲ್ಲಿ, ಏಳೂ ಜನರ ಎದುರು, ಅವನೂ ಕೂತಿರುವಾಗಲೇ ಮಾತು ತೆಗೆ. ಕಾಫಿ ಮಿಷನ್ ಹತ್ತಿರ ಅಲ್ಲ. ಅದಕ್ಕೆ ಮುಂಚೆ ಬಿಟ್ಟುಹೋದ ಆ ಹುಡುಗಿಯರಲ್ಲಿ ಒಬ್ಬಳಿಗಾದರೂ ಫೋನ್ ಮಾಡಿ ಏನಾಯಿತು ಅಂತ ಕೇಳು. ವಾಪಸ್ ಬಾ ಅನ್ನಬೇಡ. ಅವಳು ಹೇಳುವಷ್ಟು ಹೊತ್ತು ಸುಮ್ನೆ ಕೇಳಿಸಿಕೋ.

ನಿನ್ನ ಅವ್ವ