ಕಾಡಿನ ಪಕ್ಕ ಮನೆ ಹಿಡಿಯೋಕೆ ಮುಂಚೆ ಇದನ್ನ ಓದು ಮಾರಾಯ

ಲೋ ಗೆಳೆಯ,

ನಿನ್ನ ಮೆಸೇಜ್ ನೋಡ್ದೆ. ಕೆಲಸಕ್ಕೆ ಒಂದು ವರ್ಷ ರಜೆ ಹಾಕಿ, ಎಲ್ಲಾದ್ರೂ ಕಾಡಿನ ಪಕ್ಕ ಒಂದು ಮನೆ ಹಿಡಿದು ಮಕ್ಕಳ ಪುಸ್ತಕ ಬರೆದು ಮುಗಿಸ್ತೀನಿ, ಈ ಮಕ್ಕಳ ಗಲಾಟೆ ಮಧ್ಯ ಮಕ್ಕಳ ಕಥೆ ಬರೆಯೋಕೆ ಆಗಲ್ಲ, ನೀನು ಹೇಗೆ ಬರೀತೀಯ ಹೇಳು ಅಂತ ಕೇಳಿದೀಯ. ಫೋನಲ್ಲಿ ಹೇಳೋಕೆ ಹೋದ್ರೆ ನಿನ್ನ ಮಗನೋ ನನ್ನ ಮಗಳೋ ಮಧ್ಯ ಬಂದು ಮಾತು ಅಲ್ಲಿಗೇ ನಿಲ್ಲುತ್ತೆ, ಅದಕ್ಕೇ ಬರೀತಿದೀನಿ. ಎಲ್ಲರಿಗೂ ಕಾಣೋ ಹಾಗೇ ಹಾಕ್ತೀನಿ, ಇದೇ ಪ್ರಶ್ನೆ ಕೇಳೋರು ಇನ್ನೂ ಇದ್ದಾರೆ.

ಮೊದಲೇ ಹೇಳ್ಬಿಡ್ತೀನಿ, ಮನೆ ಹಿಡೀಬೇಡ. ಕಾಡಿಗೆ ಹೋಗು, ಖಂಡಿತ ಹೋಗು, ಆದ್ರೆ ಬರೆಯೋಕೆ ವಾಪಸ್ ಮನೆಗೆ ಬಾ.

ಬೀಟ್ರಿಕ್ಸ್ ಪಾಟರ್ ವಿಷಯ ನಿಂಗೆ ಗೊತ್ತಲ್ಲ, ಮೊಲದ ಕಥೆಗಳ ಅಮ್ಮ. ಆಕೆ ಇಂಗ್ಲೆಂಡಿನ ಲೇಕ್ ಡಿಸ್ಟ್ರಿಕ್ಟಲ್ಲಿ ಹಿಲ್ ಟಾಪ್ ಅನ್ನೋ ತೋಟದ ಮನೆ ಕೊಂಡಿದ್ದು 1905ರಲ್ಲಿ. ಆದ್ರೆ ಅಲ್ಲಿ ಹೋಗಿ ಕೂತ್ಬಿಡ್ಲಿಲ್ಲ, ಲಂಡನ್ನಿನಲ್ಲಿ ಅಪ್ಪ ಅಮ್ಮನ ಜೊತೆ ಇರ್ಬೇಕಿತ್ತು, ಬಿಡುವು ಸಿಕ್ಕಾಗ ಹೋಗಿ ಬಂದು ಮಾಡೋರು. ಒಳ್ಳೊಳ್ಳೆ ಪುಸ್ತಕ ಸಾಲಾಗಿ ಬಂದಿದ್ದು ಆ ಓಡಾಟದ ವರ್ಷಗಳಲ್ಲೇ. 1913ರಲ್ಲಿ ಮದುವೆಯಾಗಿ ಅದೇ ಊರಲ್ಲಿ ನೆಲೆ ನಿಂತ್ರು ನೋಡು, ಆಮೇಲೆ ಪುಸ್ತಕ ಕಡಿಮೆ ಆಗ್ತಾ ಬಂತು, ಕುರಿ, ಹೊಲ, ಜಮೀನು ಇದೇ ಆಯ್ತು. ಕಣ್ಣೂ ಮಂಜಾಗ್ತಿತ್ತು, ಅದೂ ಒಂದು ಕಾರಣ, ಇಲ್ಲ ಅನ್ನಲ್ಲ. ಆದ್ರೂ ನಂಗನ್ಸೋದು, ಯಾವ ಜಾಗಕ್ಕೋಸ್ಕರ ಮನಸ್ಸು ಎಳೀತಿರುತ್ತೋ ಅಲ್ಲೇ ಇದ್ಬಿಟ್ರೆ ಆ ಎಳೆತ ಎಲ್ಲಿರುತ್ತೆ?

ಇನ್ನು ಮನೆ, ಕೆಲಸ, ಮಕ್ಕಳು ಅಂತೀಯಲ್ಲ, ಅದಕ್ಕೆ ನನ್ನ ಗುರು ಸ್ವೀಡನ್ನಿನ ಮಕ್ಕಳ ಕಥೆಗಾರ್ತಿ ಆಸ್ಟ್ರಿಡ್ ಲಿಂಡ್‌ಗ್ರೆನ್. 1941ರಲ್ಲಿ ಮಗಳು ಕಾಯಿಲೆ ಬಿದ್ದು ಮಲಗಿದ್ಳು, ತನಗೆ ತೋಚಿದ ಒಂದು ಹೆಸರು ಹೇಳಿ, ಪಿಪ್ಪಿ ಕಥೆ ಹೇಳಮ್ಮ ಅಂದ್ಳಂತೆ, ಅಮ್ಮ ಆಗಿಂದಾಗ್ಲೇ ಕಥೆ ಕಟ್ಟಿ ಹೇಳಿದ್ರು. ಅಲ್ಲಿಂದ ಮೂರು ವರ್ಷ ಅದು ಬರೀ ಬಾಯಿ ಮಾತಲ್ಲೇ ಇತ್ತು. 1944ರಲ್ಲಿ ಹಿಮದಲ್ಲಿ ಜಾರಿ ಬಿದ್ದು ಕಾಲು ಉಳುಕಿ ಹಾಸಿಗೆ ಹಿಡಿದಾಗ ಶಾರ್ಟ್‌ಹ್ಯಾಂಡಲ್ಲಿ ಬರೆದಿಟ್ರು, 1945ರಲ್ಲಿ ಪುಸ್ತಕ ಆಯ್ತು. ಆಮೇಲೆ 1946ರಿಂದ 1970ರವರೆಗೂ ಒಂದು ಪ್ರಕಾಶನದಲ್ಲಿ ಎಡಿಟರ್ ಕೆಲಸ, ಬೆಳಿಗ್ಗೆ ಮನೇಲಿ ಹಾಸಿಗೆಯಲ್ಲೇ ಕೂತು ಬರೆಯೋದು, ಮಧ್ಯಾಹ್ನ ಆಫೀಸು. ಇದ್ದಿದ್ದು ಸ್ಟಾಕ್‌ಹೋಮಿನ ಫ್ಲಾಟಲ್ಲಿ, ಬರೆದ ಎಷ್ಟೋ ಕಥೇಲಿ ಬರೋದು ಮಾತ್ರ ತಾನು ಹುಟ್ಟಿ ಬೆಳೆದ ವಿಮ್ಮರ್ಬಿ ಕಡೆಯ ಹೊಲ, ಬೇಲಿ, ಮರ ಹತ್ತೋ ಮಕ್ಕಳು. ಜಾಗನ ಒಳಗೆ ಇಟ್ಕೊಂಡೇ ಓಡಾಡ್ತಿದ್ರು ಅಂತ ಕಾಣುತ್ತೆ.

ಕಾಡಿಗೆ ಹೋಗು ಅಂದ್ನಲ್ಲ, ಮಕ್ಕಳನ್ನ ಬಿಟ್ಟು ಹೋಗ್ಬೇಡ. ಹೋದ ಮಳೆಗಾಲ ಮುಗಿದ ಮೇಲೆ ನಾವು ಒಂದು ಕೆರೆ ಹತ್ರ ಹೋಗಿದ್ವಿ, ನಾನು ಎಲ್ಲರ ಹಾಗೆ ಮೋಡ, ನೀರಲ್ಲಿ ಬಿದ್ದ ಬೆಟ್ಟದ ನೆರಳು ಅಂತ ಫೋಟೋ ತೆಗೀತಾ ನಿಂತಿದ್ದೆ, ಮಗಳು ಮಾತ್ರ ದಡದಲ್ಲಿ ಕುಕ್ಕರುಗಾಲಲ್ಲಿ ಕೂತವಳು ಏಳೋದೇ ಇಲ್ಲ. ಏನು ಅಂತ ಹೋಗಿ ನೋಡಿದ್ರೆ ಜೊಂಡಿನ ಕಡ್ಡಿಗೆ ಏರೋಪ್ಲೇನ್ ಚಿಟ್ಟೆಯ ಪೊರೆ ಅಂಟ್ಕೊಂಡಿತ್ತು. ಮರಿ ನೀರೊಳಗೆ ಬೆಳೆದು, ಕಡ್ಡಿ ಹತ್ತಿ, ಬೆನ್ನು ಸೀಳ್ಕೊಂಡು ಹೊರಗೆ ಬಂದು ಹಾರಿ ಹೋಗುತ್ತಲ್ಲ, ಅದರ ಖಾಲಿ ಚಿಪ್ಪು. ಕಾಲು, ಕಣ್ಣಿನ ಗುಬುಟು ಎಲ್ಲ ಹಾಗೇ ಇದೆ, ಬೆನ್ನಲ್ಲಿ ಒಂದು ಸೀಳು, ಅದರಿಂದ ಬಿಳಿ ದಾರದ ಥರ ಏನೋ ಹೊರಗೆ ನೇತಾಡ್ತಿದೆ. ಇವಳು ಕೇಳ್ತಾಳೆ, "ಒಳಗಿದ್ದೋರು ಬಾಗಿಲು ಹಾಕ್ದೇ ಎಲ್ಲಿಗೆ ಹೋದ್ರು?" ನನ್ನ ಫೋಟೋ ಯಾವುದೂ ಕೆಲಸಕ್ಕೆ ಬರ್ಲಿಲ್ಲ. ಆ ಪ್ರಶ್ನೆ ಈಗ ಒಂದು ಪುಸ್ತಕ ಆಗ್ತಿದೆ.

ಅದನ್ನ ಬರೆದಿದ್ದು ಮನೇಲಿ, ಬೆಳಿಗ್ಗೆ ಎಲ್ಲರೂ ಏಳೋಕೆ ಮುಂಚೆ, ಒಗೆದು ಒಣಗಿದ ಬಟ್ಟೆ ರಾಶಿ ಬಿದ್ದಿರೋ ಟೇಬಲ್ಲಿನ ಒಂದು ಮೂಲೇಲಿ. ಬರೀತೀನಿ ಅನ್ನೋದಕ್ಕಿಂತ ಹೊಡೆದು ಹಾಕ್ತೀನಿ ಅನ್ನೋದೇ ಸರಿ. ಚಿತ್ರಪುಸ್ತಕ ಅಂದ್ರೆ ಸಾಮಾನ್ಯವಾಗಿ 32 ಪುಟ, ಪ್ರಿಂಟಿಂಗಲ್ಲಿ ದೊಡ್ಡ ಹಾಳೆ ಮಡಚಿದ್ರೆ ಎಂಟೆಂಟರ ಲೆಕ್ಕದಲ್ಲೇ ಪುಟ ಬರೋದು ಅದಕ್ಕೆ. ಎಂಟು ಎ4 ಹಾಳೆ ತಗೊಂಡು ಅರ್ಧಕ್ಕೆ ಮಡಚಿ ಮಧ್ಯ ಪಿನ್ ಹೊಡಿ, 32 ಪುಟದ ಡಮ್ಮಿ, ಅಂದ್ರೆ ಮಾದರಿ ಪುಸ್ತಕ, ರೆಡಿ. ಟೈಟಲ್ಲು, ಕಾಪಿರೈಟ್ ಪುಟ ಬಿಟ್ರೆ ಎದುರುಬದುರು ಪುಟದ ಜೋಡಿ ಹದಿನಾಲ್ಕರ ಹತ್ತಿರ ಉಳಿಯುತ್ತೆ, ಅಷ್ಟರಲ್ಲೇ ಕಥೆ. ನಾನು ಅದರಲ್ಲಿ ಪೆನ್ಸಿಲಲ್ಲಿ ಬರೆದು ರಾತ್ರಿ ಮಲಗೋ ಹೊತ್ತಿಗೆ ಮಗಳಿಗೆ ಓದ್ತೀನಿ, ನಂದು ಅಂತ ಹೇಳಲ್ಲ. ನಾನು ಓದಿ ಮುಗಿಸೋಕೆ ಮುಂಚೆ ಅವಳ ಕೈ ಪುಟ ತಿರುಗಿಸೋಕೆ ಬಂತು ಅಂದ್ರೆ ಅಲ್ಲಿ ಎರಡು ಸಾಲು ಜಾಸ್ತಿ ಇದೆ ಅಂತ ಅರ್ಥ. ಬೆಳಿಗ್ಗೆ ಎದ್ದು ಅದನ್ನ ಹೊಡೀತೀನಿ. ಇಂಥ ಎಡಿಟರ್ ನಿನ್ನ ಕಾಡಿನ ಮನೇಲಿ ಎಲ್ಲಿ ಸಿಗ್ತಾಳೆ ಹೇಳು.

ಒಂದು ವಿಷಯದಲ್ಲಿ ಮಾತ್ರ ಹುಷಾರು. ಮಕ್ಕಳ ಪ್ರಶ್ನೆ ತಗೋ, ಹೆಸರು ತಗೋಬೇಡ. ವಿನ್ನಿ ದ ಪೂ ಅನ್ನೋ ಕರಡಿ ಕಥೆ ಬರೆದ ಇಂಗ್ಲಿಷ್ ಲೇಖಕ ಎ. ಎ. ಮಿಲ್ನ್ ತಮ್ಮ ಮಗನ ಹೆಸರನ್ನೇ ಕಥೇಲಿ ಹಾಕಿದ್ರು, ಮನೆ ಹತ್ತಿರದ ಆಶ್‌ಡೌನ್ ಕಾಡನ್ನೂ, ಅವನ ಆಟದ ಕರಡಿನೂ. 1926ರಲ್ಲಿ ಬಂದ ಆ ಪುಸ್ತಕ ಪ್ರಪಂಚಕ್ಕೆಲ್ಲ ಇಷ್ಟ ಆಯ್ತು, ಆದ್ರೆ ಆ ಹುಡುಗ ಬೋರ್ಡಿಂಗ್ ಸ್ಕೂಲಲ್ಲಿ ಗೇಲಿ ತಿಂದ, ದೊಡ್ಡೋನಾದ್ಮೇಲೆ ಆ ಕಹಿನ ತನ್ನ ನೆನಪುಗಳಲ್ಲಿ ಬರ್ಕೊಂಡ. ಹಾಗಾಗಿ ನನ್ನ ಕಥೇಲಿ ಕೆರೆ ದಡದಲ್ಲಿ ಕೂರೋದು ಒಬ್ಬ ಹುಡುಗ, ಹೆಸರೂ ಬೇರೆ. ಮಗಳಿಗೆ ಸ್ವಲ್ಪ ಬೇಜಾರಿದೆ, ಪರವಾಗಿಲ್ಲ, ಇಪ್ಪತ್ತು ವರ್ಷ ಆದ್ಮೇಲೆ ಅವಳೇ ಬೇಕಾದ್ರೆ ಹೇಳ್ಕೊಳ್ಲಿ.

ಮತ್ತೆ ನಿನ್ನ ಹೆಂಡ್ತಿನ ಕೇಳಿದ್ಯಾ? ಒಂದು ವರ್ಷ ನೀನು ಕಾಡಲ್ಲಿದ್ರೆ ಇಬ್ಬರು ಮಕ್ಕಳ ಸ್ಕೂಲು, ಜ್ವರ, ಹೋಮ್‌ವರ್ಕು ಯಾರ ತಲೆಗೆ ಬೀಳುತ್ತೆ? ನಮ್ಮನೇಲಿ ಬೆಳಗಿನ ಹೊತ್ತು ನಂದು, ಸಂಜೆ ನನ್ನ ಹೆಂಡ್ತಿದು, ಸಂಜೆ ಅವಳು ಡ್ಯಾನ್ಸ್ ಕ್ಲಾಸಿಗೆ ಹೋದ್ರೆ ಮಕ್ಕಳು ನನ್ನ ಹತ್ರ, ಆಗ ನನಗೆ ಎಂಥ ಐಡಿಯಾ ಬಂದ್ರೂ ಫೋನಲ್ಲಿ ಒಂದು ವಾಯ್ಸ್ ನೋಟ್ ಅಷ್ಟೇ. ಅರ್ಧ ವಾಯ್ಸ್ ನೋಟಲ್ಲಿ ಕುಕ್ಕರ್ ಕೂಗೋದೇ ಜಾಸ್ತಿ ಕೇಳುತ್ತೆ, ಇರಲಿ.

ಈ ಶನಿವಾರ ಮಕ್ಕಳನ್ನ ಕರ್ಕೊಂಡು ಎಲ್ಲಾದ್ರೂ ಹೋಗು, ದೂರ ಬೇಡ, ಅವರು ನಿಂತಲ್ಲಿ ನಿಲ್ಲು. ಮುಂದಿನ ವಾರ ಡಮ್ಮಿ ಮಾಡಿ ಒಂದೊಂದು ಪುಟದ ಫೋಟೋ ತೆಗೆದು ಕಳ್ಸು, ಕೆಟ್ಟದಾಗಿದ್ರೂ ಕಳ್ಸು. ಒಂಬತ್ತೂವರೆ ಆದ್ಮೇಲೆ ಫೋನ್ ಮಾಡು, ಅಷ್ಟೊತ್ತಿಗೆ ಇವರು ಮಲಗಿರ್ತಾರೆ.

ನಿನ್ನ ಹಳೇ ದೋಸ್ತ್