ಮಕ್ಕಳ ಕೈಗೆ ಬಾಳೆನಾರು ಕೊಡಿ

ಮಾನ್ಯರೇ,

ರಜೆಯಲ್ಲಿ ಮಕ್ಕಳು ಮೊಬೈಲ್ ಬಿಡುವುದಿಲ್ಲವೆಂದು ಕೊರಗುವ ಅಮ್ಮಂದಿರು ಅವರನ್ನು ಮಲ್ಲಿಗೆ ಕಟ್ಟಲು ಜೊತೆಗೆ ಕೂರಿಸಿಕೊಳ್ಳಲಿ. ಕಟ್ಟಿದ ಮಲ್ಲಿಗೆ ಮಾರುವ ಅಳತೆಯಾದ ಒಂದು ಚೆಂಡಿಗೆ 800 ಮೊಗ್ಗು ಬೇಕು. ಮಕ್ಕಳಿಗೆ 50 ಸಾಕು. ಬಾಳೆನಾರನ್ನು ನೀರಲ್ಲಿ ನೆನೆಸಿ ತೆಳುವಾಗಿ ಸೀಳಿ, ಒಣಗಿದ್ದರೆ ಗಂಟಿನಲ್ಲೇ ತುಂಡಾಗುತ್ತದೆ. ಎರಡು ಮೊಗ್ಗು ಈಚೆ, ಎರಡು ಆಚೆ, ತೊಟ್ಟುಗಳು ನಡುವೆ. ನಾರು ಸುತ್ತಿ ಕುಣಿಕೆ ಹಾಕಬೇಕು. ಬಿಗಿ ಹೆಚ್ಚಾದರೆ ತೊಟ್ಟು ಕತ್ತರಿಸಿಹೋಗುತ್ತದೆ, ಸಡಿಲವಾದರೆ ಹೂ ಜಾರುತ್ತದೆ. ಪುಟ್ಟ ಬೆರಳಿಗೆ ಈ ಹದ ಒಂದೇ ದಿನಕ್ಕೆ ಬರುವುದಿಲ್ಲ, ದಯವಿಟ್ಟು ಗದರಬೇಡಿ.

ಬೆಳಿಗ್ಗೆ ಕೊಯ್ದ ಮೊಗ್ಗನ್ನು ಮಧ್ಯಾಹ್ನದೊಳಗೆ ಕಟ್ಟಿ ಬಾಳೆಎಲೆಯಲ್ಲಿ ಸುತ್ತಿಡಿ. ಮುಸ್ಸಂಜೆ ದೀಪ ಹಚ್ಚಿ ಭಜನೆಗೆ ಕೂತಾಗ ಅದು ದೇವರ ಮುಂದೆ ಅರಳುತ್ತದೆ. ‘ನಾನು ಕಟ್ಟಿದ್ದು’ ಎಂದು ಮಗು ಅಮ್ಮನ ಮಡಿಲಿಗೆ ಒರಗಿ ನೋಡುತ್ತಿರುತ್ತದೆ.

– ಮಲ್ಲಿಗೆ ಕಟ್ಟುವ ತಾಯಂದಿರು, ಶಂಕರಪುರ, ಉಡುಪಿ